ಮನೆಯ ಈಜುಕೊಳಕ್ಕೆ ಸೋಲಾರ್ ಫಲಕ: ಕೊಳ್ಳುವ ಮುನ್ನ ಅಳತೆ

ಬೆಂಗಳೂರಿನ ಸುತ್ತಮುತ್ತ ತೋಟದ ಮನೆಯಲ್ಲಿ ಈಜುಕೊಳ ಕಟ್ಟಿಸಿಕೊಂಡವರು ಡಿಸೆಂಬರ್ ಬಂತೆಂದರೆ ನೀರಿಗಿಳಿಯಲು ಹಿಂಜರಿಯುತ್ತಾರೆ. ಹಿತವಾಗಿ ಈಜಲು ನೀರು 27–28 ಡಿಗ್ರಿ ಇರಬೇಕು. ರಾತ್ರಿ 15–16 ಡಿಗ್ರಿಗೆ ಇಳಿಯುವ ದಿನಗಳಲ್ಲಿ ಆ ಬಿಸಿ ಉಳಿಯುವುದಿಲ್ಲ. ಕೊಳದ ನೀರನ್ನೇ ಒಳಗೆ ಹರಿಸಿ ಬಿಸಿಲಿನಿಂದ ಕಾಯಿಸುವ ಸೋಲಾರ್ ಫಲಕ ಹಾಕಿಸಲು ಹೊರಟವರು ಅಂಗಡಿಯ ದರಪಟ್ಟಿಗಿಂತ ಮೊದಲು ಟೇಪು ಕೈಗೆತ್ತಿಕೊಳ್ಳಬೇಕು.

ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳವಿದ್ದರೆ ಅದರಲ್ಲಿ 38,400 ಲೀಟರ್ ನೀರಿರುತ್ತದೆ. ಅಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 45 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಕಿಲೋವಾಟ್-ಗಂಟೆ) ಶಾಖ ಬೇಕು. ಒಂದು ಚದರ ಮೀಟರ್ ಮೇಲೆ ದಿನಕ್ಕೆ ಸುಮಾರು 5 ಯೂನಿಟ್ ಬಿಸಿಲು ಬಿದ್ದು, ಅದರಲ್ಲಿ ಅರ್ಧ ನೀರಿಗೆ ಸೇರಿತೆಂದರೂ, ಕೊಳದ ಮೇಲ್ಮೈಯ ಅರ್ಧದಷ್ಟು, ಅಂದರೆ 16 ಚದರ ಮೀಟರ್ ಫಲಕದಿಂದ ದಿನಕ್ಕೆ ಸಿಗುವುದು 40 ಯೂನಿಟ್, ಅಂದರೆ ಒಂದು ಡಿಗ್ರಿಗೂ ಕಡಿಮೆ. ಆದ್ದರಿಂದ ಫಲಕಗಳ ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧಕ್ಕಿಂತ ಕಡಿಮೆ ಇರಬಾರದು. ಚಳಿಗಾಲದಲ್ಲೂ ಈಜುವವರಿಗೆ ಮುಕ್ಕಾಲು ಪಾಲಾದರೂ ಬೇಕು.

ಆದರೆ ಫಲಕಕ್ಕೂ ಮೊದಲು ಕೊಳ್ಳಬೇಕಾದ್ದು ಕೊಳದ ಮೇಲೆ ಹಾಸುವ ಹೊದಿಕೆ. ಕೊಳದ ಬಿಸಿಯಲ್ಲಿ ಬಹುಪಾಲು ಹೋಗುವುದು ನೀರು ಆವಿಯಾಗುವುದರಿಂದ. ಹಗಲು ಗಳಿಸಿದ್ದನ್ನು ರಾತ್ರಿ ಗಾಳಿಗೆ ಬಿಟ್ಟುಕೊಟ್ಟರೆ ಎಷ್ಟು ಫಲಕವಿದ್ದರೂ ಸಾಲದು.

ಸ್ನಾನದ ನೀರಿಗೆ ಬಳಸುವ ಗಾಜಿನ ಟ್ಯೂಬಿನ ಸೋಲಾರ್ ಇಲ್ಲಿ ಬೇಕಿಲ್ಲ. ಅದು ಕೆಲವು ನೂರು ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಇರುವುದು. ಕೊಳಕ್ಕೆ ಬೇಕಾದ್ದು ಹೆಚ್ಚು ನೀರಿಗೆ ಸ್ವಲ್ಪ ಬಿಸಿ. ಗಾಜಿಲ್ಲದ, ಕಪ್ಪು ಪಾಲಿಪ್ರೊಪಿಲೀನ್ ಅಥವಾ ರಬ್ಬರ್ ಫಲಕ ಇದಕ್ಕೆ ಸಾಕು, ಅಗ್ಗವೂ ಹೌದು. ತಾಮ್ರದ ಕೊಳವೆಯದ್ದು ಬೇಡ: ನೀರಿನ ಆಮ್ಲೀಯತೆ ಹೆಚ್ಚಿದಾಗ ತಾಮ್ರ ಕರಗಿ ಕೊಳದ ಗೋಡೆಗೆ ಹಸಿರು ಕಲೆ ಹಿಡಿಯುತ್ತದೆ.

ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಂಗಳೂರಿಗೆ 13 ಡಿಗ್ರಿ ಓರೆ ಸಾಕು, ಚಳಿಗಾಲವೇ ಮುಖ್ಯವಾದರೆ 25ರ ಆಸುಪಾಸು. ಓವರ್‌ಹೆಡ್ ಟ್ಯಾಂಕಿನ ನೆರಳು ಡಿಸೆಂಬರ್‌ನಲ್ಲಿ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ತಾರಸಿಗೆ ಹತ್ತಿ ನೋಡಬೇಕು. ಈಗಿರುವ ಫಿಲ್ಟರ್ ಪಂಪು ಅಷ್ಟು ಎತ್ತರಕ್ಕೆ ನೀರೇರಿಸಬಲ್ಲದೇ ಎಂದು ಪ್ಲಂಬರ್‌ನನ್ನು ಕೇಳಿ. ಪಂಪು ನಿಂತಾಗ ನೀರು ಕೆಳಗಿಳಿಯುವ ಎಳೆತಕ್ಕೆ ತೆಳು ಕೊಳವೆಗಳು ಚಪ್ಪಟೆಯಾಗದಂತೆ ಮೇಲ್ತುದಿಯಲ್ಲಿ ಗಾಳಿ ಒಳಬಿಡುವ ವಾಲ್ವ್ ಇರಲೇಬೇಕು.

ಜೋಡಿಸಿದ ಮೇಲೆ ಪಂಪು ಓಡುತ್ತಿರುವಾಗ, ನಡು ಮಧ್ಯಾಹ್ನ ಫಲಕವನ್ನು ಅಂಗೈಯಿಂದ ಮುಟ್ಟಿ. ಅದು ತಣ್ಣಗಿದ್ದರೆ ಕೆಲಸ ಸರಿಯಾಗಿದೆ. ಸುಡುತ್ತಿದ್ದರೆ ಹರಿವು ಸಾಲದು, ಬಿಸಿಯೆಲ್ಲ ಗಾಳಿಗೆ ಹೋಗುತ್ತಿದೆ. ಬಿಸಿನೀರೇ ಬರಲೆಂದು ವಾಲ್ವ್ ತಿರುಗಿಸಿ ಹರಿವು ತಗ್ಗಿಸುವವರು ಎಡವುವುದು ಇಲ್ಲಿಯೇ.