ಮೂರನೇ ಸಾಲಿನಲ್ಲಿ ಕೂತು ನೋಡಿ: ಏಳು ಜನರ ಮನೆಗೆ ಹಳೇ ಫಾರ್ಚೂನರ್ ತಂದ ಅನುಭವ

ದೊಡ್ಡ ಎಸ್‌ಯುವಿ ನೋಡಲು ಹೋದವರು ಮೊದಲು ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಸ್ಟೇರಿಂಗ್ ಹಿಡಿಯುತ್ತಾರೆ, ಸ್ಕ್ರೀನ್ ಮುಟ್ಟುತ್ತಾರೆ, ಸನ್‌ರೂಫ್ ತೆಗೆಸುತ್ತಾರೆ. ನಾನು ಹೋದ ಕಡೆಯೆಲ್ಲ ಸೀದಾ ಮೂರನೇ ಸಾಲಿಗೆ ಹತ್ತಿ ಕೂತೆ. ಶೋರೂಂ ಹುಡುಗರು "ಸರ್, ಮುಂದೆ ಬನ್ನಿ, ಫೀಚರ್ಸ್ ತೋರಿಸ್ತೀನಿ" ಎಂದು ಕರೆಯುತ್ತಲೇ ಇದ್ದರು. ಫೀಚರ್ಸ್ ಆಮೇಲೆ. ಆರು ತಾಸು ಹಿಂದೆ ಕೂತು ಬರುವವರಿಗೆ ಮೊಣಕಾಲು ಎದೆಗೆ ಬಡಿಯುತ್ತದಾ ಇಲ್ಲವಾ ಅನ್ನುವುದು ಮೊದಲು ಗೊತ್ತಾಗಬೇಕಲ್ವಾ?

ನಮ್ಮ ಮನೆಯಲ್ಲಿ ಏಳು ಜನ. ಅಪ್ಪ, ಅಮ್ಮ, ಸೋದರತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಇರುವುದು ಬೆಂಗಳೂರಿನಲ್ಲಿ, ಊರು ತೀರ್ಥಹಳ್ಳಿ ಹತ್ತಿರ. ಊರಿಗೆ ಹೋಗುವಾಗ ಎರಡು ಕಾರು ಹೊರಡಿಸುವುದು ಸಾಕಾಗಿತ್ತು. ಜೊತೆಗೆ ಡಾಂಬರು ರಸ್ತೆಯಿಂದ ಮನೆಗೆ ಇಳಿಯುವ ಮಣ್ಣಿನ ದಾರಿ ಇದೆ. ಮಳೆಗಾಲದಲ್ಲಿ ಅದು ದಾರಿಯೇ ಅಲ್ಲ. ಈ ಎರಡು ವಿಷಯ ಇಟ್ಟುಕೊಂಡೇ ಹುಡುಕಾಟ ಶುರುವಾಗಿದ್ದು.

ಮೊದಲು ಹೊಸ ಗಾಡಿಗಳು. ಪ್ರತಿ ಶೋರೂಂಗೂ ನಮ್ಮ ಮನೆಯ ದೊಡ್ಡ ಸೂಟ್‌ಕೇಸ್ ಒಂದನ್ನು ತೆಗೆದುಕೊಂಡು ಹೋದೆ. ಹೆಂಡತಿಗೆ ನಾಚಿಕೆ, ನನಗೆ ಉಪಯೋಗ. ಎಲ್ಲ ಸೀಟು ಎತ್ತಿ ನಿಲ್ಲಿಸಿ, ಡಿಕ್ಕಿ ಬಾಗಿಲು ಮುಚ್ಚುತ್ತದಾ ನೋಡುವುದು. ಸ್ಕಾರ್ಪಿಯೋ-ಎನ್‌ನಲ್ಲಿ ಮೂರನೇ ಸಾಲು ಎತ್ತಿದರೆ ಹಿಂದೆ ಜಾಗವೇ ಉಳಿಯುವುದಿಲ್ಲ. ಎಕ್ಸ್‌ಯುವಿ700 ಓಡಿಸಲು ಬಹಳ ಚೆನ್ನಾಗಿತ್ತು, ಆದರೆ ಏಳೂ ಜನ ಕೂತರೆ ಸಾಮಾನೆಲ್ಲ ಕ್ಯಾರಿಯರ್ ಮೇಲೆ. ಸಫಾರಿಯ ಹಿಂದಿನ ಸಾಲು ನನಗೆ ಇವೆರಡಕ್ಕಿಂತ ಹಿಡಿಸಿತು. ಸುರಕ್ಷತೆಯ ವಿಷಯದಲ್ಲಿ ಮೂರಕ್ಕೂ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದು ಸ್ಟಾರ್ ಸಿಕ್ಕಿದೆ, ಹಾಗಾಗಿ ಆ ಚಿಂತೆ ಇರಲಿಲ್ಲ. ಬರೀ ಜನ ಕೂರುವುದು ಮುಖ್ಯ ಅನ್ನುವವರಿಗೆ ಇನ್ನೋವಾ ಹೈಕ್ರಾಸ್ ಸಾಕು, ನಿಜ ಹೇಳಬೇಕೆಂದರೆ ಮೂರನೇ ಸಾಲು ಅದರಲ್ಲೇ ಚೆನ್ನ. ಆದರೆ ಅದು ಮುಂದಿನ ಚಕ್ರ ಎಳೆಯುವ ಗಾಡಿ. ನಮ್ಮ ಊರಿನ ಕೆಸರಿನ ಏರಿನಲ್ಲಿ, ತುಂಬಿದ ಲೋಡಿನಲ್ಲಿ, ನನಗೆ ಧೈರ್ಯ ಬರಲಿಲ್ಲ.

ಹೀಗಾಗಿ ಬೇಕಾಗಿದ್ದು ಚಾಸಿ ಮೇಲೆ, ಅಂದರೆ ಲಾರಿಯಂತೆ ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಮೇಲೆ ಕೂತ, ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಇರುವ ಗಾಡಿ. ಅಂದರೆ ಟೊಯೋಟಾ ಫಾರ್ಚೂನರ್ ಅಥವಾ ಫೋರ್ಡ್ ಎಂಡೆವರ್. ಎಂಡೆವರ್ ಓಡಿಸಿದವರು ಅದನ್ನು ಹೊಗಳುವುದು ಸುಮ್ನೆ ಅಲ್ಲ, ಮೂರನೇ ಸಾಲು ಮಡಚಿದರೆ ನೆಲಕ್ಕೆ ಸಮ ಆಗುತ್ತದೆ. ಫಾರ್ಚೂನರ್‌ನಲ್ಲಿ ಆ ಸೀಟುಗಳನ್ನು ಎತ್ತಿ ಎರಡೂ ಬದಿ ಕಿಟಕಿಗೆ ನೇತುಹಾಕಬೇಕು. ಆದರೆ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲೇ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸರ್ವಿಸ್ ಸಿಗುತ್ತದೆ, ಭಾಗಗಳೂ ಸಿಗುತ್ತವೆ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಗೆ ತೀರ್ಥಹಳ್ಳಿಯಲ್ಲಿ ಕೂತು ಭಾಗ ಹುಡುಕುವ ಉಸಾಬರಿ ಬೇಡ ಅನ್ನಿಸಿತು. ಫಾರ್ಚೂನರ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಶಿವಮೊಗ್ಗದ ಗ್ಯಾರೇಜುಗಳಿಗೂ ಅದರ ಪರಿಚಯ ಚೆನ್ನಾಗಿದೆ.

ಹೊಸದಾ, ಹಳೇದಾ ಅನ್ನುವುದನ್ನು ನಿರ್ಧರಿಸಿದ್ದು ಗಾಡಿ ಅಲ್ಲ, ಟ್ಯಾಕ್ಸ್. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಜಿಎಸ್‌ಟಿ, ಸೆಸ್ ಎಲ್ಲ ಸೇರಿ 50 ಪರ್ಸೆಂಟ್ ಇದ್ದದ್ದು 40ಕ್ಕೆ ಇಳಿಯಿತು. ಖುಷಿಯೇ. ಆದರೆ ಕರ್ನಾಟಕದ ರೋಡ್ ಟ್ಯಾಕ್ಸ್ ಹಾಗೇ ಇದೆಯಲ್ಲ. 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ 18 ಪರ್ಸೆಂಟ್, ಅದರ ಮೇಲೆ ಮತ್ತೆ ಸೆಸ್ 11 ಪರ್ಸೆಂಟ್. ಒಟ್ಟು ಹೆಚ್ಚುಕಮ್ಮಿ 20 ಪರ್ಸೆಂಟ್ ಆಯಿತು. ಗಾಡಿಯ ಬೆಲೆ 40 ಲಕ್ಷ ಅಂದುಕೊಳ್ಳಿ, ರೋಡ್ ಟ್ಯಾಕ್ಸೇ ಎಂಟು ಲಕ್ಷ. ಆ ದುಡ್ಡಿಗೆ ಇನ್ನೊಂದು ಸಣ್ಣ ಕಾರು ಬರುತ್ತದೆ. ಕರ್ನಾಟಕದ್ದೇ ಹಳೇ ಗಾಡಿ ಕೊಂಡರೆ ಈ ಎಂಟು ಲಕ್ಷವನ್ನು ಮೊದಲ ಯಜಮಾನರು ಕಟ್ಟಿ ಮುಗಿಸಿರುತ್ತಾರೆ. ಹೊಸ ಫೋರ್ ಬೈ ಫೋರ್ ಫಾರ್ಚೂನರ್ ಬೆಂಗಳೂರಿನಲ್ಲಿ ರಸ್ತೆಗಿಳಿಯುವ ಹೊತ್ತಿಗೆ ಐವತ್ತು ಲಕ್ಷದ ಆಸುಪಾಸು. ನನ್ನ ಕೈಲಿದ್ದದ್ದು ಅದರ ಅರ್ಧ.

"ಡೆಲ್ಲಿ ಗಾಡಿ ತಗೊಳ್ಳಿ, ಐದಾರು ಲಕ್ಷ ಕಮ್ಮಿ" ಎಂದು ಹೇಳಿದವರು ಬಹಳ ಜನ. ಕಮ್ಮಿ ಯಾಕೆ ಅಂದರೆ ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೆ ಕಷ್ಟಕಾಲ, ಅದಕ್ಕೇ ಎಂಟು ಒಂಬತ್ತನೇ ವರ್ಷಕ್ಕೆ ದಕ್ಷಿಣಕ್ಕೆ ಸಾಗಹಾಕುತ್ತಾರೆ. ಇಲ್ಲಿ ತಂದು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮರು ನೋಂದಣಿ ಮಾಡಿಸಬೇಕು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ಗಾಡಿಯ ವಯಸ್ಸು ನೋಡಿ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ ಐದು ಲಕ್ಷ ಆರ್‌ಟಿಒ ಕಚೇರಿಯಲ್ಲೇ ಕರಗುತ್ತದೆ. ಕೆಎ ನಂಬರ್ ಬಿಟ್ಟು ಬೇರೆ ನೋಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಕರಾವಳಿ ಗಾಡಿಗಳ ಬಗ್ಗೆಯೂ ಸ್ವಲ್ಪ ಅನುಮಾನ ಇತ್ತು. ಉಪ್ಪಿನ ಗಾಳಿಗೆ ಚಾಸಿ ತುಕ್ಕು ಹಿಡಿದಿರುತ್ತದೆ, ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಮ್ಮ ಗ್ಯಾರೇಜಿನ ಭಾಯ್ ಜೊತೆಗಿದ್ದರು. ಡೀಸೆಲ್ ಟೊಯೋಟಾಗಳಲ್ಲಿ ಅವರ ಕೈ ಪಳಗಿದೆ. ಅವರು ಹಾಕಿದ ಮೊದಲ ಷರತ್ತು, ಗಾಡಿ 2017, 2018 ಅಥವಾ 2019ರದ್ದು ಇರಬೇಕು. ಹಳೇ ಮಾದರಿಯ 3.0 ಲೀಟರ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, ಒಂದೂವರೆ ಲಕ್ಷ ಕಿಲೋಮೀಟರ್‌ಗೆ ಬದಲಾಯಿಸಲೇಬೇಕು. 2016ರ ಕೊನೆಗೆ ಬಂದ ಹೊಸ ಮಾದರಿಯ 2.8 ಲೀಟರ್ ಎಂಜಿನ್‌ಗೆ ಚೈನ್, ಅದನ್ನು ಹಾಗೆ ಬದಲಾಯಿಸಬೇಕಿಲ್ಲ. ಇನ್ನು 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಮಾಲಿನ್ಯ ನಿಯಮದ) ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ದಿನಾ ಹೈವೇ ಓಡಿಸುವವರಿಗೆ ಅದು ತೊಂದರೆ ಇಲ್ಲ. ಜಯನಗರದಿಂದ ಬನಶಂಕರಿಗೆ ಓಡಾಡಿಕೊಂಡಿದ್ದರೆ ಮಸಿ ಸುಟ್ಟುಹೋಗುವಷ್ಟು ಬಿಸಿಯೇ ಆಗುವುದಿಲ್ಲ, ಆಮೇಲೆ ವಾರ್ನಿಂಗ್ ಲೈಟು. "ನಿಮ್ಮ ಓಡಾಟಕ್ಕೆ ಬಿಎಸ್4 ಸಾಕು ಸಾರ್" ಎಂದರು ಭಾಯ್. 2018ರ ಡೀಸೆಲ್ ಗಾಡಿಯ ಆರ್‌ಸಿ ನಮ್ಮಲ್ಲಿ 15 ವರ್ಷ, ಅಂದರೆ 2033ರವರೆಗೆ ನಡೆಯುತ್ತದೆ.

ಬೆಂಗಳೂರಿನ ಒಂದು ಯಾರ್ಡ್‌ನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಗಾಡಿ ಕಂಡಿತು. ಕಡಿಮೆ ಓಡಿದೆ, ಒಬ್ಬರೇ ಓನರ್, ಬೆಲೆಯೂ ಪರವಾಗಿಲ್ಲ. ನನಗೆ ಆಗಲೇ ಮನಸ್ಸು ಒಪ್ಪಿತ್ತು. ಭಾಯ್ ಹಿಂದಿನ ಬಾಗಿಲು ತೆಗೆದು, ನಡು ಸಾಲಿನ ಸೀಟ್ ಬೆಲ್ಟ್ ಹಿಡಿದು ಎಳೆದರು. ಎಳೆದರು, ಎಳೆದರು, ರೋಲಿನಲ್ಲಿ ಇದ್ದದ್ದೆಲ್ಲ ಹೊರಗೆ ಬರುವವರೆಗೆ. ಕೊನೆಯ ಒಂದಡಿಯಲ್ಲಿ ಬೆಲ್ಟಿನ ಬಣ್ಣ ಬೇರೆ. ಕಾಫಿ ಕಲೆಯಂಥ ಗೆರೆ, ಉಗುರಿನಿಂದ ಕೆರೆದರೆ ಪುಡಿ ಮಣ್ಣು. ಆಮೇಲೆ ಬಗ್ಗಿ ಸೀಟಿನ ಕೆಳಗಿನ ಕಂಬಿಗೆ ಟಾರ್ಚ್ ಬಿಟ್ಟರು, ತುಕ್ಕು. ಯಾರ್ಡ್‌ನವರು "ವಾಷಿಂಗ್ ಮಾಡಿಸಿದ್ದು ಸರ್, ನೀರು ಹೋಗಿರ್ಬೇಕು" ಅಂದರು. ವಾಷಿಂಗ್ ನೀರಿನಲ್ಲಿ ಕೆಸರು ಎಲ್ಲಿಂದ ಬಂತು? 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆಯ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳ ಫೋಟೋ ಎಲ್ಲರೂ ನೋಡಿದ್ದೇವೆ. ಅವೆಲ್ಲ ಗುಜರಿಗೆ ಹೋಗಿಲ್ಲ. ಸೀಟ್ ಕವರ್ ಬದಲಾಯಿಸಬಹುದು, ಕಾರ್ಪೆಟ್ ಬದಲಾಯಿಸಬಹುದು, ಬೆಲ್ಟಿನ ರೋಲ್ ಒಳಗಿನ ಕೊನೆಯ ಒಂದಡಿಯನ್ನು ಯಾರೂ ತೊಳೆಯುವುದಿಲ್ಲ.

ಇನ್ನೊಂದು ಕಡೆ ಮೀಟರ್‌ನಲ್ಲಿ ಎಪ್ಪತ್ತೆಂಟು ಸಾವಿರ ತೋರಿಸುತ್ತಿತ್ತು. ಕಂಪನಿ ಸರ್ವಿಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ ಲಕ್ಷ ದಾಟಿತ್ತು. ಅಲ್ಲಿ ಮಾತೇ ಇಲ್ಲ, ವಾಪಸ್ ಬಂದೆವು.

ಇನ್ಶೂರೆನ್ಸ್ ಕಾಗದ ಓದುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ. 20ರಿಂದ ಶುರುವಾಗಿ 25, 35, 45, ಕೊನೆಗೆ 50. ಪಾಲಿಸಿಯಲ್ಲಿ 50 ಇದೆ ಅಂದರೆ ಸತತ ಐದು ವರ್ಷ ಕ್ಲೇಮ್ ಮಾಡಿಲ್ಲ. ಸೊನ್ನೆ ಇದ್ದರೆ ಯಾಕೆ ಅಂತ ಕೇಳಲೇಬೇಕು, ಹೋದ ವರ್ಷ ಏನೋ ಆಗಿರುವ ಸಾಧ್ಯತೆ ಜಾಸ್ತಿ. ಮಾತಿಗಿಂತ ಈ ಒಂದು ಸಾಲು ನಂಬಿಕೆಗೆ ಅರ್ಹ.

ಕೊನೆಗೆ ಗಾಡಿ ಸಿಕ್ಕಿದ್ದು ಯಾರ್ಡ್‌ನಲ್ಲಿ ಅಲ್ಲ, ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ. ಪರಿಚಯದವರ ಮೂಲಕ ಗೊತ್ತಾಯಿತು. 2018ರ ಗಾಡಿ, ಆಟೋಮ್ಯಾಟಿಕ್, ಫೋರ್ ಬೈ ಫೋರ್, 92 ಸಾವಿರ ಕಿಲೋಮೀಟರ್. ತೋಟದ ಗೌಡರು ಮೊದಲ ಓನರ್. "ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಗೌಡ್ರೇ" ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. ಬಿಸಿ ಎಂಜಿನ್ ಎಂಥದ್ದಾದರೂ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಭಾಯ್ ಬಾನೆಟ್ ಮೇಲೆ ಕೈ ಇಟ್ಟು ನೋಡಿದರು, ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್. ಹೊಗೆ ಇಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಂಗೈ ಹಿಡಿದರು, ಗಾಳಿ ರಭಸವಾಗಿ ನುಗ್ಗಲಿಲ್ಲ. ನುಗ್ಗಿದ್ದರೆ ಎಂಜಿನ್ ಒಳಗೆ ಸವೆದಿದೆ ಎಂದು ಲೆಕ್ಕ.

ತೋಟದ ಗಾಡಿಗೆ ಅದರದ್ದೇ ಆದ ಕಾಯಿಲೆ ಇರುತ್ತದೆ. ಬಾನೆಟ್ ಒಳಗಿನ ಹೊದಿಕೆಯನ್ನು ಇಲಿ ಕಡಿದಿತ್ತು. ವೈರಿಂಗ್ ಒಂದು ಕಡೆ ಟೇಪ್ ಸುತ್ತಿ ರಿಪೇರಿ ಮಾಡಿದ್ದರು. ಗೌಡರೇ ತೋರಿಸಿದರು, ಮುಚ್ಚಿಡಲಿಲ್ಲ. ಗಾಡಿಯ ಕೆಳಗೆ ಮಲಗಿ ನೋಡಿದಾಗ ಚಾಸಿಯ ಮೇಲೆ ಒಣಗಿದ ಎಲೆ, ಕೆಂಪು ಮಣ್ಣು. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಬಡಿದು ನೋಡಿದರು, ತುಕ್ಕು ಮೇಲ್ಮೈಯಲ್ಲಿ ಮಾತ್ರ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ. ಎಲ್ಲ ಗಾಜೂ ಒಂದೇ ಕಾಲದ್ದು, ಎಡಗಡೆ ಹಿಂದಿನದು ಮಾತ್ರ ಬೇರೆ. ಕೊಂಬೆ ಬಿದ್ದು ಒಡೆಯಿತಂತೆ. ಅದೇ ಬಾಗಿಲಿನ ಬೋಲ್ಟ್‌ಗಳ ಬಣ್ಣ ಎದ್ದಿರಲಿಲ್ಲ, ಅಂದರೆ ಬಾಗಿಲು ಬಿಚ್ಚಿಲ್ಲ, ಹಾಗಾಗಿ ನಂಬಿದೆವು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನು ಓದಲು ಕಲಿತರೆ ಬೆಲೆ ಮಾತಾಡಲು ಸುಲಭ. 2218 ಎಂದಿದ್ದರೆ 2018ರ 22ನೇ ವಾರದಲ್ಲಿ ತಯಾರಾದ ಟೈರ್. ಸ್ಟೆಪ್ನಿ ಅದೇ ಹಳೇದು, ಒಮ್ಮೆಯೂ ಇಳಿಸಿರಲಿಲ್ಲ. ಉಳಿದ ನಾಲ್ಕು ಒಮ್ಮೆ ಬದಲಾಗಿದ್ದವು, ಅವೂ ಈಗ ಸವೆದಿದ್ದವು. ಈ ಸೈಜಿನ ನಾಲ್ಕು ಟೈರಿಗೆ ಅರವತ್ತು ಸಾವಿರದ ಮೇಲಾಗುತ್ತದೆ.

ಫೋರ್ ಬೈ ಫೋರ್ ಕೆಲಸ ಮಾಡುತ್ತದಾ ಎಂದು ನೋಡದೆ ಕೊಳ್ಳುವವರೂ ಇದ್ದಾರೆ. ಡ್ಯಾಶ್‌ಬೋರ್ಡಿನ ಗುಂಡಿಯಲ್ಲಿ ಎಚ್2 (ಎರಡೇ ಚಕ್ರ ಎಳೆಯುವುದು), ಎಚ್4 (ನಾಲ್ಕೂ ಚಕ್ರ), ಎಲ್4 (ನಾಲ್ಕೂ ಚಕ್ರ, ನಿಧಾನ ಆದರೆ ಜಾಸ್ತಿ ಎಳೆತ) ಎಂದು ಮೂರು ಇವೆ. ಎಲ್4ಗೆ ಹಾಕಬೇಕಾದರೆ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತರಬೇಕು. ದೀಪ ಮಿನುಗಿ ಸ್ಥಿರವಾಗಿ ನಿಂತರೆ ಸರಿ, ಮಿನುಗುತ್ತಲೇ ಇದ್ದರೆ ಖರ್ಚು ಕಾದಿದೆ. ತೋಟದ ಏರಿನಲ್ಲೇ ಹತ್ತಿಸಿ ನೋಡಿದೆ.

ಎರಡನೇ ಭೇಟಿಗೆ ಮನೆಯವರೆಲ್ಲ ಬಂದರು. ಮಕ್ಕಳು ಮೂರನೇ ಸಾಲಿಗೆ ನುಗ್ಗಿದರು. ಚಾಸಿ ಗಾಡಿಯಲ್ಲಿ ಹಿಂದೆ ನೆಲ ಎತ್ತರ, ಹಾಗಾಗಿ ದೊಡ್ಡವರಿಗೆ ಮೊಣಕಾಲು ಮೇಲೆ ಬರುತ್ತದೆ, ಮಕ್ಕಳಿಗೆ ಸರಿ. ಹಿಂದೆ ಎರಡು ಸೂಟ್‌ಕೇಸ್ ನಿಲ್ಲಿಸಬಹುದು, ಅಷ್ಟೇ. ಅಮ್ಮನಿಗೆ ಮೊಣಕಾಲು ನೋವು, ಹತ್ತುವುದೇ ದೊಡ್ಡ ಪ್ರಶ್ನೆ. ಫುಟ್‌ಬೋರ್ಡ್ ಇದ್ದರೂ ಮೊದಲ ಹೆಜ್ಜೆ ಎತ್ತರ. ಗೌಡರ ಮನೆಯವರು ಅದನ್ನು ನೋಡಿ ಒಳಗಿಂದ ಒಂದು ಮಣೆ ತಂದು ಇಟ್ಟರು. "ಹಿಡಿ ಇದೆ ನೋಡಿ ಅಮ್ಮ, ಅದನ್ನ ಹಿಡ್ಕೊಳ್ಳಿ" ಅಂದರು. ಮಣೆ, ಹಿಡಿ, ಸೀಟು. ಅಮ್ಮ ಹತ್ತಿ ಕೂತು "ಅಡ್ಡಿಲ್ಲ ಮಾರಾಯ" ಎಂದ ಮೇಲೆಯೇ ನಾನು ಬೆಲೆಯ ಮಾತು ಎತ್ತಿದ್ದು. ಈಗ ನಮ್ಮ ಡಿಕ್ಕಿಯಲ್ಲಿ ಒಂದು ಮಣೆ ಕಾಯಂ.

ಗೌಡರು 26 ಲಕ್ಷ ಹೇಳಿದರು. ಟೈರು, ಇಲಿ ಕಡಿದ ವೈರು, ಗಾಜು ಎಲ್ಲ ಲೆಕ್ಕ ಹಾಕಿ 24.25ಕ್ಕೆ ಬಂದು ನಿಂತಿತು. ಹೊಸ ಗಾಡಿಗಳ ಜಿಎಸ್‌ಟಿ ಇಳಿದದ್ದರಿಂದ ಹಳೇ ಗಾಡಿಗಳ ಬೆಲೆಯೂ ಸ್ವಲ್ಪ ಬಗ್ಗಿತ್ತು, ಆ ಮಾತನ್ನೂ ಎತ್ತಿದೆ. ಅವರಿಗೆ ಅದು ಇಷ್ಟವಾಗಲಿಲ್ಲ, ಆದರೆ ತಿಳಿದಿತ್ತು.

ದುಡ್ಡು ಪೂರ್ತಿ ಬ್ಯಾಂಕ್ ಮೂಲಕ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಗೌಡರ ಕಾರ್ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಕೂತಿತ್ತು. ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಉಳಿದ ದುಡ್ಡು ಹಾಕಿದೆ. ಗಾಡಿಯನ್ನು ನಮ್ಮ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಸಹಿ. ಗಾಡಿ ಕೊಟ್ಟ ದಿನಾಂಕ, ಗಂಟೆ ಬರೆದ ಡೆಲಿವರಿ ನೋಟ್ ಬೇಕೆಂದು ಗೌಡರೇ ಪಟ್ಟು ಹಿಡಿದರು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅವರ ಭಯದಲ್ಲಿ ಅರ್ಥ ಇತ್ತು. ವರ್ಗಾವಣೆಯ ಅರ್ಜಿಯನ್ನು ನಾನು ತಡ ಮಾಡದೆ ಹಾಕಿದೆ. ರಾಜ್ಯದೊಳಗಿನ ವ್ಯವಹಾರ, ಆದ್ದರಿಂದ ರೋಡ್ ಟ್ಯಾಕ್ಸ್ ಮತ್ತೆ ಕಟ್ಟಲಿಲ್ಲ, ನಂಬರೂ ಅದೇ. ಇನ್ಶೂರೆನ್ಸ್ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಆಗ ಗೌಡರ 50 ಪರ್ಸೆಂಟ್ ಬೋನಸ್ ನಮಗೆ ಬರುವುದಿಲ್ಲ, ಅದು ಮನುಷ್ಯನದ್ದು, ಗಾಡಿಯದ್ದಲ್ಲ. ವ್ಯತ್ಯಾಸದ ದುಡ್ಡು ಕಟ್ಟಬೇಕು. ಅವರ ಫಾಸ್ಟ್‌ಟ್ಯಾಗ್ ಅವರೇ ಬಂದ್ ಮಾಡಿಸಿದರು, ನಾನು ಹೊಸದು ಅಂಟಿಸಿದೆ.

ತಂದ ಕೂಡಲೇ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಮುಂದೆ ಹಿಂದಿನ ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಾಯಿಸಿದೆವು. ನಾಲ್ಕು ಟೈರೂ ಹೊಸದು. ಎಲ್ಲ ಸೇರಿ ಒಂದು ಲಕ್ಷದ ಮೇಲಾಯಿತು, ಇದನ್ನು ಮೊದಲೇ ಬದಿಗಿಟ್ಟಿದ್ದೆ. ಹೈವೇಯಲ್ಲಿ ಲೀಟರಿಗೆ ಹನ್ನೆರಡು ಕೊಡುತ್ತದೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಂಬತ್ತು ಬಂದರೆ ಪುಣ್ಯ. 4,795 ಮಿಲಿಮೀಟರ್ ಉದ್ದ, 1,855 ಅಗಲ, ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಎಡಗಡೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಎಲ್ಲರನ್ನೂ ಗೇಟಿನ ಹತ್ತಿರವೇ ಹತ್ತಿಸಿಕೊಳ್ಳುತ್ತೇನೆ. ಘಾಟಿ ರಸ್ತೆಯಲ್ಲಿ ಹಿಂದಿನ ಸಾಲು ಕುಲುಕುತ್ತದೆ, ಚಿಕ್ಕವನಿಗೆ ಒಮ್ಮೆ ವಾಂತಿಯೂ ಆಯಿತು. ಅವನನ್ನು ಈಗ ನಡು ಸಾಲಿಗೆ ತಂದು ಹೆಂಡತಿ ಹಿಂದೆ ಕೂರುತ್ತಾಳೆ, ಅವಳು ಗಿಡ್ಡ. ಮುಂದಿನ ಎರಡು ಶಾಕ್ ಅಬ್ಸಾರ್ಬರ್ ಸವೆದಿವೆಯಂತೆ, ಮಳೆಗಾಲಕ್ಕೆ ಮೊದಲೇ ಹಾಕಿಸಿ ಎಂದು ಭಾಯ್ ಹೇಳಿದ್ದಾರೆ.