ಹುಟ್ಟಿದ್ದು ಮಂಗಳೂರು, ಮನೆ ಪೈವಳಿಕೆ: ಜನನ ನೋಂದಣಿ ಎಲ್ಲಿ? ಅಪ್ಪನ ಹೆಸರು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಗಡಿಯೂರುಗಳಾದ ವರ್ಕಾಡಿ, ಮೀಂಜ, ಪೈವಳಿಕೆ ಕಡೆಯ ಮನೆಗಳಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ ಗಾಡಿ ಹೊರಡುವುದು ಹೆಚ್ಚಾಗಿ ಮಂಗಳೂರಿಗೆ. ಲೇಡಿಗೋಷನ್ ಆಸ್ಪತ್ರೆಯೋ, ಅಲ್ಲಿನ ಯಾವುದಾದರೂ ಖಾಸಗಿ ಆಸ್ಪತ್ರೆಯೋ. ಬಾಣಂತಿ ಮಗುವನ್ನೆತ್ತಿಕೊಂಡು ರಾಜ್ಯದ ಗಡಿಯಾದ ತಲಪಾಡಿ ದಾಟಿ ಮನೆಗೆ ಬರುತ್ತಾಳೆ, ತೊಟ್ಟಿಲು ಹಾಕಿ ಹೆಸರಿಡುವುದೂ ಮುಗಿಯುತ್ತದೆ. ಆಮೇಲೆ ಅಪ್ಪನೋ ಅಜ್ಜನೋ ಊರಿನ ಪಂಚಾಯತು ಆಫೀಸಿಗೆ ಹೋಗಿ ಜನನ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ದಾಖಲೆ ಇರುವುದಿಲ್ಲ.

ನನ್ನ ಅಕ್ಕನ ಮಗುವಿಗೂ ಹೀಗೇ ಆಯಿತು. ಎಲ್ಲಿಗೆ ಹೋಗಬೇಕೆಂದು ಯಾರೂ ಸರಿಯಾಗಿ ಹೇಳದೆ ಭಾವ ಎರಡು ಆಫೀಸುಗಳ ನಡುವೆ ನಾಲ್ಕು ದಿನದ ದುಡಿಮೆ ಕಳೆದುಕೊಂಡರು. ಒಂದೇ ಒಂದು ನಿಯಮ ಗೊತ್ತಿದ್ದರೆ ಆ ನಾಲ್ಕು ದಿನ ಉಳಿಯುತ್ತಿತ್ತು: ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ಅಪ್ಪ ಅಮ್ಮನ ಮನೆ, ರೇಷನ್ ಕಾರ್ಡು, ಓಟು ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ 1969ರ ಒಂದೇ ಕಾಯಿದೆ. ಆದರೆ ರಿಜಿಸ್ಟರು ಆಯಾ ಊರಿನದು.

ಮೊದಲು ಜಾಗ ಗುರುತಿಸಿ

ಮಂಗಳೂರು ನಗರದ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ಆದರೆ ದಾಖಲೆ ಮಂಗಳೂರು ಮಹಾನಗರ ಪಾಲಿಕೆಯಲ್ಲಿ, ಕರ್ನಾಟಕದ ಆನ್‌ಲೈನ್ ಜನನ ಮರಣ ನೋಂದಣಿ ವ್ಯವಸ್ಥೆಯಾದ ಇ-ಜನ್ಮದಲ್ಲಿ. ಕಾಸರಗೋಡಿನ ಆಸ್ಪತ್ರೆಯಲ್ಲಾದರೆ ಆಸ್ಪತ್ರೆ ಇರುವ ನಗರಸಭೆ ಅಥವಾ ಪಂಚಾಯತಿನಲ್ಲಿ. ಕೇರಳದಲ್ಲಿ ಈಗ ಇದೆಲ್ಲ ನಗರಸಭೆ, ಪಂಚಾಯತುಗಳ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್ ಮೂಲಕ ನಡೆಯುತ್ತದೆ. ಅದು ನಗರಗಳಿಗೆ 2024ರ ಜನವರಿಯಲ್ಲಿ ಬಂತು, ಪಂಚಾಯತುಗಳಿಗೆ 2025ರ ಏಪ್ರಿಲ್‌ನಲ್ಲಿ. ಫೋನಿನಲ್ಲಿ ತಾವೇ ಮಾಡಲಾಗದವರಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಗಳಿವೆ.

ಆಸ್ಪತ್ರೆಯ ಹೆರಿಗೆಯಾದರೆ ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯ ಹೆರಿಗೆಯಾದರೆ ಮನೆಯ ಯಜಮಾನರದು. ಇನ್ನು, ಮಂಗಳೂರಿಗೆ ಹೋಗುವ ದಾರಿಯಲ್ಲೇ ಆಂಬುಲೆನ್ಸಿನಲ್ಲಿ ಹೆರಿಗೆಯಾಗುವುದು ನಮ್ಮ ಹೆದ್ದಾರಿಗೆ ಹೊಸತಲ್ಲ. ಓಡುತ್ತಿರುವ ಗಾಡಿಯಲ್ಲಿ ಮಗು ಹುಟ್ಟಿದರೆ ಗಾಡಿ ಮೊದಲು ನಿಲ್ಲುವ ಊರಿನಲ್ಲಿ ಮಾಹಿತಿ ಕೊಡಬೇಕೆಂದು ನಿಯಮ. ಕೇರಳದ ಹೊಸಂಗಡಿಯಲ್ಲಿ ನಿಂತಿತೋ, ತಲಪಾಡಿಯಾಚೆ ಕರ್ನಾಟಕದಲ್ಲಿ ನಿಂತಿತೋ ಎಂಬುದರ ಮೇಲೆ ರಾಜ್ಯವೇ ಬದಲಾಗುತ್ತದೆ. ಚಾಲಕರ ಹೆಸರು, ಗಾಡಿ ನಂಬರು, ನಿಂತ ಜಾಗ, ಹೊತ್ತು ಇಷ್ಟನ್ನು ಆವತ್ತೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಗಲ್ಫಿನಲ್ಲಿ ಹುಟ್ಟಿದ ಮಕ್ಕಳ ದಾರಿ ಬೇರೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ಪೌರತ್ವವೇ ಅದಕ್ಕೆ ತಳಕು ಹಾಕಿಕೊಂಡಿದೆ. ಅಲ್ಲಿ ಮಾಡಿಸದೆ, ಇಲ್ಲೇ ನೆಲೆ ನಿಲ್ಲಲು ಕುಟುಂಬ ಮರಳಿ ಬಂದರೆ, ಬಂದ 60 ದಿನಗಳೊಳಗೆ ಇಲ್ಲಿ ನೋಂದಾಯಿಸಲು ಅವಕಾಶವಿದೆ.

ದಿನ ಎಣಿಸಿ

ಹುಟ್ಟಿದ 21 ದಿನಗಳೊಳಗೆ ತಿಳಿಸಿದರೆ ಖರ್ಚಿಲ್ಲ. ಮಾಹಿತಿ ಕೊಟ್ಟವರಿಗೆ ಮೊದಲ ಪ್ರಮಾಣಪತ್ರ ಉಚಿತ, ಅದನ್ನು ನೋಂದಣಿಯಾದ ಏಳು ದಿನಗಳೊಳಗೆ ಕೊಡಬೇಕೆಂದು 2023ರ ತಿದ್ದುಪಡಿ ಹೇಳುತ್ತದೆ. 21 ದಾಟಿ 30 ದಿನದೊಳಗಾದರೆ ತಡವಾದುದಕ್ಕೆ ಸಣ್ಣ ಶುಲ್ಕ. 30 ದಿನ ದಾಟಿ ಒಂದು ವರ್ಷದೊಳಗಾದರೆ ಶುಲ್ಕದ ಜೊತೆಗೆ ಜಿಲ್ಲಾ ರಿಜಿಸ್ಟ್ರಾರ್ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು, ಸ್ವಂತ ದೃಢೀಕರಣದ ಪತ್ರವೂ ಬೇಕು.

ವರ್ಷ ದಾಟಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗ ಮ್ಯಾಜಿಸ್ಟ್ರೇಟರು ಅಥವಾ ಅಧಿಕಾರ ಪಡೆದ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರ ಆದೇಶ ಆಗಲೇಬೇಕು. ಗಡಿಯವರು ಎಡವುವುದು ಇಲ್ಲೇ. ಆದೇಶ ಕೊಡಬೇಕಾದವರು ಹುಟ್ಟಿದ ಜಾಗದ ಅಧಿಕಾರಿ. ಮಗು ಮಂಗಳೂರಿನಲ್ಲಿ ಹುಟ್ಟಿದ್ದರೆ ಕಾಸರಗೋಡಿನ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಆಫೀಸಿನಲ್ಲಿ ಅರ್ಜಿ ಹಾಕಿ ಕಾಯುವುದು ವ್ಯರ್ಥ, ಅರ್ಜಿ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹಾಕಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡು, ಚುಚ್ಚುಮದ್ದಿನ ಪುಸ್ತಕ ಇವನ್ನು ಎಸೆಯಬೇಡಿ. ವರ್ಷ ಕಳೆದ ಮೇಲೆ ಮಗು ಎಲ್ಲಿ, ಯಾವಾಗ, ಯಾರಿಗೆ ಹುಟ್ಟಿತೆಂದು ಹೇಳುವುದು ಆ ಕಾಗದಗಳೇ.

ನಮ್ಮ ಅಜ್ಜಿಯರಿಗೆ ಹುಟ್ಟಿದ ದಿನವೇ ಗೊತ್ತಿರಲಿಲ್ಲ, ಆದರೂ ಬದುಕು ನಡೆಯಿತು. ಈಗಿನ ಮಗುವಿಗೆ ಅದು ಸಾಧ್ಯವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಓಟರ್ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನ ಮತ್ತು ಜಾಗದ ಪುರಾವೆಯೆಂದರೆ ಜನನ ಪ್ರಮಾಣಪತ್ರವೇ. ಶಾಲೆಯ ಸರ್ಟಿಫಿಕೇಟು ತೋರಿಸಿ ದಾಟುತ್ತಿದ್ದ ಕಾಲ ಈ ಮಕ್ಕಳಿಗಿಲ್ಲ.

ಹೆಸರು ಬರೆಸುವಾಗ

ಮಗುವಿಗೆ ಹೆಸರಿಡುವ ಮೊದಲೇ ಆಸ್ಪತ್ರೆಯಿಂದ ಫಾರ್ಮು ಹೋಗಿರುತ್ತದೆ. ಗಾಬರಿ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಸುಲಭವಲ್ಲ. ಹಿರಿಯರೆಲ್ಲ ಕೂತು ಗಟ್ಟಿಮಾಡಿದ ಮೇಲೆಯೇ ಕೊಡಿ.

ಇದಕ್ಕಿಂತ ದೊಡ್ಡ ತೊಂದರೆ ಅಕ್ಷರದ್ದು. ನಮ್ಮ ‘ಬಾಲಕೃಷ್ಣ’ ಮಲಯಾಳದ ದಾಖಲೆಗೆ ಹೋಗುವಾಗ ‘ಬಾಲಕೃಷ್ಣನ್’ ಆಗಿಬಿಡುತ್ತಾನೆ, ‘ಗೋಪಾಲ’ ‘ಗೋಪಾಲನ್’ ಆಗುತ್ತಾನೆ. ಅಪ್ಪನ ಆಧಾರಿನಲ್ಲಿ ಒಂದು, ಮಗುವಿನ ಪ್ರಮಾಣಪತ್ರದಲ್ಲಿ ಇನ್ನೊಂದು. ಹದಿನೆಂಟು ವರ್ಷ ಕಳೆದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಆ ಒಂದು ‘ನ್’ ಎದ್ದು ನಿಲ್ಲುತ್ತದೆ. ಫಾರ್ಮು ತುಂಬುವಾಗ ಅಪ್ಪ ಅಮ್ಮನ ಹೆಸರನ್ನು ಅವರ ಗುರುತಿನ ಚೀಟಿಯಲ್ಲಿರುವ ಹಾಗೆಯೇ ಬರೆದು ಕೊಡಿ. ಆಸ್ಪತ್ರೆಯವರು ಕೇಳಿ ಬರೆದುಕೊಳ್ಳುವುದಕ್ಕೆ ಬಿಡಬೇಡಿ. ಕೈಗೆ ಬಂದ ಪ್ರಮಾಣಪತ್ರವನ್ನು ಅಲ್ಲೇ ನಿಂತು ಓದಿ. ತಪ್ಪಿದ್ದರೆ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಬರೆದು ಕೊಡಿ. ಮೂಲ ಬರಹವನ್ನು ಅಳಿಸುವುದಿಲ್ಲ, ಬದಿಯಲ್ಲಿ ಟಿಪ್ಪಣಿ ಹಾಕಿ ಸಹಿ ಮಾಡುತ್ತಾರೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಕೇಳಿ ಪಡೆಯಿರಿ.

ಅರ್ಜಿ ತಿರಸ್ಕರಿಸಿದರೆ 30 ದಿನಗಳೊಳಗೆ ಜಿಲ್ಲಾ ರಿಜಿಸ್ಟ್ರಾರ್‌ಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರವನ್ನು ಬರಹದಲ್ಲಿ ಕೊಡಿ ಎಂದು ಕೇಳುವುದನ್ನು ಮರೆಯಬೇಡಿ.

ಅಪ್ಪನ ಹೆಸರಿನ ಕಾಲಂ

ಮೇಲಿನದೆಲ್ಲ ಓಡಾಟದ ಮಾತು. ಈ ಕಾಲಂ ಮನಸ್ಸಿನದ್ದು. ನಾಚಿಕೆಗೆ, ಹೆದರಿಕೆಗೆ ಮಗುವಿನ ನೋಂದಣಿಯನ್ನೇ ಮಾಡಿಸದೆ ಬಿಟ್ಟವರಿದ್ದಾರೆ. ಯಾರದೋ ಹೆಸರು ಬರೆಸಿ ಮುಂದೆ ಕೋರ್ಟು ಅಲೆದವರೂ ಇದ್ದಾರೆ. ಎರಡರ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

ಕಾನೂನು ಪ್ರಕಾರ ಮದುವೆಯಾದ ಹೆಂಗಸಿಗೆ ಮದುವೆ ಜಾರಿಯಲ್ಲಿರುವಾಗ ಹುಟ್ಟಿದ ಮಗುವಿನ ಅಪ್ಪ ಆಕೆಯ ಗಂಡ. ವಿಚ್ಛೇದನವಾಗಿಯೋ ಗಂಡ ತೀರಿಕೊಂಡೋ ಮದುವೆ ಮುಗಿದ 280 ದಿನಗಳೊಳಗೆ, ಆಕೆ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗುವಿಗೂ ಇದೇ ನಿಯಮ. ಹಿಂದೆ ಸಾಕ್ಷ್ಯ ಕಾಯಿದೆಯ 112ನೇ ಸೆಕ್ಷನ್ ಹೇಳುತ್ತಿದ್ದುದನ್ನು ಈಗ, 2024ರ ಜುಲೈ 1ರಿಂದ, ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ಹೇಳುತ್ತದೆ. ಗಂಡ ಇದನ್ನು ಅಲ್ಲಗಳೆಯಬೇಕಾದರೆ ಗರ್ಭ ಕಟ್ಟಿರಬಹುದಾದ ಸಮಯದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ಸಾಬೀತು ಮಾಡಬೇಕು. ಆಗ ತಾನು ದುಬೈಯಲ್ಲಿದ್ದೆ, ಊರಿಗೆ ಬಂದೇ ಇರಲಿಲ್ಲ ಎಂದು ಪಾಸ್‌ಪೋರ್ಟಿನ ಮುದ್ರೆ ತೋರಿಸುವುದು ಅಂಥ ಪುರಾವೆ. ಮಗುವಿಗೆ ಮುಖಚಹರೆ ಬಂದಿಲ್ಲ, ಊರಲ್ಲಿ ಮಾತು ಕೇಳಿದೆ ಎಂಬುದು ಪುರಾವೆಯಲ್ಲ.

ಹಾಗಾದರೆ ಡಿಎನ್‌ಎ ಪರೀಕ್ಷೆ? ಯಾರೋ ಒಬ್ಬರು ಸಂಶಯಪಟ್ಟ ಮಾತ್ರಕ್ಕೆ ಕೋರ್ಟು ಅದಕ್ಕೆ ಆದೇಶ ಕೊಡುವುದಿಲ್ಲ. ಇಂಥ ಪರೀಕ್ಷೆಗಳನ್ನು ವಾಡಿಕೆಯಂತೆ ಮಾಡಿಸಬಾರದೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. ಪರೀಕ್ಷೆ ಆಗಿಹೋಗಿ ಗಂಡ ಅಪ್ಪನಲ್ಲವೆಂದು ಖಚಿತವಾಗಿದ್ದ ಒಂದು ಪ್ರಕರಣದಲ್ಲಿ, 2014ರಲ್ಲಿ, ಊಹೆಗಿಂತ ವಿಜ್ಞಾನದ ಸತ್ಯ ಮೇಲೆಂದು ಒಪ್ಪಿದ್ದೂ ಅದೇ ಕೋರ್ಟು. ಆದರೆ ಪರೀಕ್ಷೆಗೆ ಕಳಿಸುವ ಹಂತದಲ್ಲಿ ಅದರ ಎಚ್ಚರಿಕೆ ಸಡಿಲವಾಗಿಲ್ಲ. ಕೇರಳದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ 2025ರ ಜನವರಿಯಲ್ಲಿ ಬಂದ ತೀರ್ಪು ಇದನ್ನೇ ಮತ್ತೆ ಹೇಳಿತು. ಮದುವೆಯೊಳಗೆ ಹುಟ್ಟಿದ ಮಗುವಿನ ಅಪ್ಪ ಬೇರೆಯವನೆಂದು ಹೇಳಿ, ಹೊರಗಿನ ಒಬ್ಬನನ್ನು ಡಿಎನ್‌ಎ ಪರೀಕ್ಷೆಗೆ ಎಳೆಯಲು ಅದು ಒಪ್ಪಲಿಲ್ಲ. ಈ ಎಚ್ಚರಿಕೆ ಸರಿಯೆಂದೇ ನನಗೆ ಅನಿಸುತ್ತದೆ. ದೊಡ್ಡವರ ಜಗಳದಲ್ಲಿ ಮಗುವಿನ ರಕ್ತ ಆಯುಧವಾಗಬಾರದು.

ಮದುವೆಯಾಗದ ತಾಯಿ

ಇಲ್ಲಿ ಸ್ಪಷ್ಟವಾಗಿ ಹೇಳಬೇಕು: ಅಪ್ಪನ ಹೆಸರು ಹೇಳದಿದ್ದರೂ ಮಗುವಿನ ಜನನ ನೋಂದಣಿ ಆಗುತ್ತದೆ, ಆಗಲೇಬೇಕು. ಹೆಸರು ಹೇಳೆಂದು ತಾಯಿಯನ್ನು ಒತ್ತಾಯಿಸಲು ರಿಜಿಸ್ಟ್ರಾರ್‌ಗೆ ಅಧಿಕಾರವಿಲ್ಲ. ಒಂಟಿ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಪ್ರಮಾಣಪತ್ರ ಕೇಳಿದರೆ ಆಕೆಯಿಂದ ಒಂದು ಅಫಿಡವಿಟ್ ಮಾತ್ರ ಕೇಳಬಹುದು, ಅದನ್ನು ಕೊಟ್ಟ ಮೇಲೆ ಪ್ರಮಾಣಪತ್ರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 2015ರ ಜುಲೈನಲ್ಲಿ ಆದೇಶಿಸಿದೆ. 2023ರ ತಿದ್ದುಪಡಿಯಲ್ಲಿ ಅವಿವಾಹಿತ ತಾಯಿಯ ಹೆಸರು ಕಾಯಿದೆಯೊಳಗೇ ಬಂದಿದೆ. ಅಂಥ ಮಗುವಿನ ಜನನದ ಮಾಹಿತಿಯನ್ನು ಆಕೆಯೇ ಕೊಡಬಹುದು. ಕೌಂಟರಿನಲ್ಲಿ ತಡೆದರೆ ಈ ಎರಡು ಇಸವಿಗಳನ್ನು ಹೇಳಿ. ಗಂಡಸರನ್ನು ಕರೆದುಕೊಂಡು ಬಾ ಎಂದರೆ, ಆ ಮಾತನ್ನು ಬರಹದಲ್ಲಿ ಕೊಡಲು ಕೇಳಿ.

ಕೇರಳ ಹೈಕೋರ್ಟು 2022ರ ಜುಲೈನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಬ್ಬ ಯುವಕನ ಬೇರೆ ಬೇರೆ ದಾಖಲೆಗಳಲ್ಲಿ ಅಪ್ಪನ ಹೆಸರು ಬೇರೆ ಬೇರೆಯಾಗಿತ್ತು. ಅದನ್ನು ತೆಗೆದು ತಾಯಿಯ ಹೆಸರೊಂದೇ ಇರುವ ಪ್ರಮಾಣಪತ್ರ ಕೊಡುವಂತೆ ಕೋರ್ಟು ಹೇಳಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ನೆನೆದದ್ದು ಮಹಾಭಾರತದ ಕರ್ಣನನ್ನು. ರಾತ್ರಿಯಿಡೀ ಕೂತು ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಕೇಳಿ ಕಣ್ಣೊರೆಸಿಕೊಂಡ ಊರು ನಮ್ಮದು. ಅಂಥ ಮಗುವೊಂದು ಪಕ್ಕದ ಮನೆಯಲ್ಲಿ ಹುಟ್ಟಿದಾಗಲೂ ಆ ಕಣ್ಣೀರು ನೆನಪಿರಲಿ.

ಅಷ್ಟಕ್ಕೂ ತಾಯಿಯಿಂದ ಗುರುತು ಹೇಳುವುದು ಈ ಮಣ್ಣಿಗೆ ಹೊಸತೇ? ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದ್ದು, ಬರಿ ಎಂಬ ಕುಲದ ಹೆಸರು ಬರುವುದು ಅಮ್ಮನಿಂದ. ಕಾನೂನಿನಲ್ಲಿ ಆ ಕಟ್ಟು 1976ರಲ್ಲಿ ಕೇರಳದಲ್ಲಿ ಕೊನೆಯಾಯಿತು. ಆದರೆ ಇಂದಿಗೂ ದೈವದ ಮುಂದೆ ನಿಂತು ಬರಿ ಹೇಳುವಾಗ ಅಮ್ಮನದ್ದನ್ನೇ ಹೇಳುತ್ತೇವೆ.

ತಾಯಿಗೆ 18 ತುಂಬಿರದಿದ್ದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯಿದೆಯಂತೆ ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಆ ಕೇಸು ಬೇರೆ, ಮಗುವಿನ ನೋಂದಣಿ ಬೇರೆ. ಒಂದಕ್ಕೆ ಹೆದರಿ ಇನ್ನೊಂದನ್ನು ಬಿಡಬೇಡಿ.

ಅಪ್ಪ ಒಪ್ಪದಿದ್ದರೆ

ಮದುವೆಯಾಗದಿದ್ದರೂ ಆತ ಮಗು ತನ್ನದೆಂದು ಒಪ್ಪಿದರೆ ಇಬ್ಬರೂ ಸೇರಿ ರಿಜಿಸ್ಟ್ರಾರ್ ಎದುರು ಹೋಗಿ ಬರಹದಲ್ಲಿ ಕೇಳಿಕೊಳ್ಳಿ. ಬ್ರಿಟಿಷರ 1886ರ ನೋಂದಣಿ ಕಾಯಿದೆಯೂ ಇದಕ್ಕೆ ಇಬ್ಬರ ಸಹಿ ಬೇಕೆಂದೇ ಹೇಳಿತ್ತು. ಆತ ನಿರಾಕರಿಸಿದರೆ ಪಂಚಾಯತು ಏನೂ ಮಾಡಲಾರದು, ರಿಜಿಸ್ಟ್ರಾರ್ ನ್ಯಾಯಾಧೀಶರಲ್ಲ. ಆಗ ದಾರಿ ಎರಡು. ಮಗುವಿನ ಖರ್ಚಿಗೆ ಹಣ ಬೇಕೆಂದಾದರೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಕೆಳಗೆ ಜೀವನಾಂಶದ ಅರ್ಜಿ. ಹಿಂದಿನ ಸಿಆರ್‌ಪಿಸಿಯ 125ನೇ ಸೆಕ್ಷನ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಇದರಲ್ಲಿ ಹಕ್ಕಿದೆ. ಆತನೇ ಅಪ್ಪನೆಂದು ಘೋಷಣೆ ಬೇಕಾದರೆ ಕುಟುಂಬ ನ್ಯಾಯಾಲಯದಲ್ಲಿ ದಾವೆ. ಕೋರ್ಟು ಹೇಳಿದ ಮೇಲೂ ಆತ ಡಿಎನ್‌ಎ ಪರೀಕ್ಷೆಗೆ ಬಾರದಿದ್ದರೆ, ಆ ನಿರಾಕರಣೆಯನ್ನೇ ಆತನ ವಿರುದ್ಧ ಅರ್ಥೈಸಲು ನ್ಯಾಯಾಧೀಶರಿಗೆ ಅವಕಾಶವಿದೆ. ಸ್ವಂತ ಖರ್ಚಿನಲ್ಲಿ ಖಾಸಗಿ ಲ್ಯಾಬಿನಲ್ಲಿ ಮಾಡಿಸಿದ ವರದಿಯನ್ನಷ್ಟೇ ನಂಬಿ ಕೂರಬೇಡಿ.

ಇದಕ್ಕೆಲ್ಲ ವಕೀಲರ ಫೀಸು ಎಲ್ಲಿಂದ ತರುವುದು ಎಂಬ ಚಿಂತೆ ಇದ್ದರೆ ಕೇಳಿ: ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬೇಕು, ಇಲ್ಲವೇ 15100 ಸಂಖ್ಯೆಗೆ ಫೋನು ಮಾಡಬೇಕು. ಹೋಗುವಾಗ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ನಿಮ್ಮ ಆಧಾರ್, ಜನನ ಪ್ರಮಾಣಪತ್ರ ಇದ್ದರೆ ಅದರ ನಕಲು, ಆತ ಕಳಿಸಿದ ಹಣ ಅಥವಾ ಮೆಸೇಜಿನ ದಾಖಲೆ ಏನಾದರೂ ಇದ್ದರೆ ಅದು, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಳ್ಳಿ. ಹಸುಗೂಸನ್ನು ಎತ್ತಿಕೊಂಡು ಒಬ್ಬಳೇ ಹೋಗುವ ಹೆಣ್ಣುಮಗಳಾದರೆ ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಜೊತೆಗೆ ಕರೆದುಕೊಂಡು ಹೋಗಿ.