ನೀರು ಬರದ ದಿನ ಪ್ರಾಕ್ಟೀಸು

ನನ್ನ ಫುಟ್‌ಬಾಲ್ ಪ್ರಾಕ್ಟೀಸಿಗೆ ಮೊದಲ ವಾರ ಹದಿನಾಲ್ಕು ಹುಡುಗಿಯರು ಬಂದಿದ್ದರು. ಮೂರನೇ ವಾರಕ್ಕೆ ಐವರು. ನನ್ನ ಪಾಠ ಬೋರಾಗಿರಬೇಕು ಅಂದುಕೊಂಡು ರಾತ್ರಿ ಕೂತು ಹೊಸ ಡ್ರಿಲ್‌ಗಳನ್ನು ಬರೆದೆ. ಮರುದಿನ ಮೂವರು. ಕೊನೆಗೆ ಒಬ್ಬಳ ಮನೆ ಹುಡುಕಿಕೊಂಡೇ ಹೋದೆ. ಬೆಳಗ್ಗೆ ಆರೂವರೆ. ಬೀದಿ ನಲ್ಲಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಕೊಡಗಳ ಹಿಂದೆ ನನ್ನ ಅರ್ಧ ತಂಡ. ಗೋಲ್‌ಕೀಪರ್ ಎರಡೂ ಕೈಯಲ್ಲಿ ಕೊಡ ಹಿಡಿದುಕೊಂಡೇ ನಕ್ಕಳು: "ಇವತ್ತು ಕಾವೇರಿ ಬರೋ ದಿನ ಅಕ್ಕಾ."

ನಾನೂ ಬೆಂಗಳೂರಿನ ಇಂಥದೇ ಬೀದಿಯಲ್ಲಿ ಬೆಳೆದವಳು, ಇಂಥದೇ ಸಾಲಿನಲ್ಲಿ ಜಗಳ ಆಡಿದವಳು. ಆದರೂ ಹೊಳೆದಿರಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಅಂತ ನೀಟಾಗಿ ವೇಳಾಪಟ್ಟಿ ಹಾಕಿಕೊಂಡಿದ್ದೆ. ನೀರು ಬರುವುದು ದಿನ ಬಿಟ್ಟು ದಿನ, ಅದಕ್ಕೆ ವಾರದ ಲೆಕ್ಕ ಎಲ್ಲಿದೆ? ಈಗ ನೀರು ಬಿಡುವವರಿಗೆ ಹಿಂದಿನ ಸಂಜೆ ಫೋನ್ ಮಾಡಿ ಕೇಳಿ, ಆಮೇಲೆ ಪ್ರಾಕ್ಟೀಸ್ ಗೊತ್ತುಮಾಡುತ್ತೇನೆ. ನಮ್ಮ ಅಸಿಸ್ಟೆಂಟ್ ಕೋಚ್ ಅವರೇ ಅಂತ ಹುಡುಗಿಯರ ತಮಾಷೆ.

ನಾನು ಕೋಚ್ ಆಗಬೇಕು ಅಂತ ಅಂದುಕೊಂಡಿದ್ದವಳಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಮ್ಯಾಚಿನಲ್ಲಿ ಬಾಲ್ ತಗೊಂಡು ತಿರುಗಿದೆ, ಅಷ್ಟೇ. ಯಾರೂ ಮುಟ್ಟಲಿಲ್ಲ. ಮೊಣಕಾಲೊಳಗೆ ಟಕ್ ಅಂದಿತು. ನಾಲ್ಕು ಮನೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ಸಾಲ ಮಾಡಿ ಕಟ್ಟು ಹಾಕಿಸಿದಳು. ಮೂಳೆಯಾಗಿದ್ದರೆ ಕೂಡುತ್ತಿತ್ತೇನೋ, ಹರಿದದ್ದು ಎಸಿಎಲ್, ಮೊಣಕಾಲೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್. ಅದು ಗೊತ್ತಾಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು, ಆಪರೇಷನ್ನಿಗೆ ದುಡ್ಡಿರಲಿಲ್ಲ. "ಕುಂಟು ಕಾಲಿನವಳನ್ನ ಯಾರು ಮಾಡ್ಕೋತಾರೆ" ಅಂತ ನೆಂಟರು ಮರುಗಿದರು. ನನಗೆ ಅಳು ಬಂದದ್ದು ಅದಕ್ಕಲ್ಲ, ಅಟ್ಟದ ಮೇಲಿಟ್ಟ ಫುಟ್‌ಬಾಲ್ ಶೂ ನೋಡಿದಾಗ. ವರ್ಷಗಳ ನಂತರ ಫುಟ್‌ಬಾಲ್ ಕೋಚ್‌ಗಳ ಡಿ ಲೈಸೆನ್ಸ್ ಕೋರ್ಸಿಗೆ ಸೇರಿದಾಗ ಹೆಂಗಸರು ಇಬ್ಬರೇ ಇದ್ದೆವು.

ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಹರಿಯುವ ಸಂಭವ ಜಾಸ್ತಿ. ನಾನು ಆಡುವಾಗ ಇದನ್ನು ಯಾರೂ ಹೇಳಿರಲಿಲ್ಲ. ಹಾಗಾಗಿ ನಮ್ಮ ಒಂದೂವರೆ ಗಂಟೆಯಲ್ಲಿ ಮೊದಲ ಇಪ್ಪತ್ತು ನಿಮಿಷ, ಗಾಯ ತಡೆಯಲೆಂದೇ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಪಿಸಿದ ‘ಇಲೆವೆನ್ ಪ್ಲಸ್’ ವಾರ್ಮಪ್ಪಿಗೇ ಮೀಸಲು. ನಿಧಾನ ಓಟ, ಆಮೇಲೆ ಬಲ, ಸಮತೋಲ, ಜಿಗಿತದ ವ್ಯಾಯಾಮ, ಕೊನೆಗೆ ಜೋರು ಓಟ ಮತ್ತು ಥಟ್ಟನೆ ದಿಕ್ಕು ಬದಲಿಸುವುದು. ನಾನು ಕಣ್ಣಿಟ್ಟು ನೋಡುವುದು ಒಂದನ್ನೇ: ಜಿಗಿದು ನೆಲ ಮುಟ್ಟುವಾಗ ಮಂಡಿ ಬಾಗಿರಬೇಕು, ಒಳಕ್ಕೆ ವಾಲಬಾರದು. ಒಬ್ಬಳು ಜಿಗಿದರೆ ಎದುರಿಗಿರುವವಳು ಅವಳ ಮಂಡಿ ಕಾಯಬೇಕು. "ಅಕ್ಕಾ, ಬಾಲ್ ಯಾವಾಗ?" ಅಂತ ಗೊಣಗುತ್ತಾರೆ. ಪಕ್ಕದ ಹುಡುಗರ ಕೋಚ್ "ಯೋಗ ಕ್ಲಾಸಾ ಮೇಡಂ?" ಅಂದಿದ್ದರು. ಇಲ್ಲಿಯತನಕ ಯಾರ ಮೊಣಕಾಲೂ ಹೋಗಿಲ್ಲ. ದೃಷ್ಟಿ ತಾಗದಿರಲಿ.

ನೀರಿನ ಸಮಸ್ಯೆ ಮುಗಿಯಿತು ಅನ್ನುವಾಗ ಎಂಟನೇ ಕ್ಲಾಸಿನವರು ಮಾಯವಾಗತೊಡಗಿದರು. ಕಾರಣ ಯಾರೂ ಬಾಯಿಬಿಡಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಅರ್ಜಿ ಕೊಟ್ಟೆ, ಕಾದೆ, ಮತ್ತೆ ಕೊಟ್ಟೆ. ಆಮೇಲೆ ಎದುರು ಮನೆ ಅಜ್ಜಿಯ ಬಾಗಿಲು ತಟ್ಟಿದೆ. ಬಚ್ಚಲುಮನೆ ಬಳಸಿಕೊಳ್ಳಿ ಅಂದರು. ಬದಲಿಗೆ ನೀರು ಬಂದ ದಿನ ನಮ್ಮ ಹುಡುಗಿಯರು ಅವರ ಡ್ರಮ್ ತುಂಬಿಸಿಕೊಡುತ್ತಾರೆ. ಅಜ್ಜಿ ಮನೆಯ ಕಪಾಟಿನಲ್ಲಿ ಪ್ಯಾಡ್ ಪ್ಯಾಕೆಟ್ ಸದಾ ಇರುತ್ತದೆ. ಶಾರ್ಟ್ಸ್ ಕಡ್ಡಾಯ ಅನ್ನುವುದನ್ನು ಕೈಬಿಟ್ಟೆ, ಒಳಗೆ ಲೆಗ್ಗಿಂಗ್ಸ್ ಹಾಕಿಕೊಂಡರೂ ಬಾಲ್ ಅಷ್ಟೇ ದೂರ ಹೋಗುತ್ತದೆ. ಇನ್ನೊಬ್ಬಳ ತಂದೆಗೆ ತಲೆವಸ್ತ್ರದ ಚಿಂತೆ. 2014ರಲ್ಲೇ ಫಿಫಾ ಅದಕ್ಕೆ ಒಪ್ಪಿದೆ ಎಂದು ಫೋನಿನಲ್ಲಿ ತೋರಿಸಿದೆ. ಅವರು ಓದಿ, ಮತ್ತೊಮ್ಮೆ ಓದಿ, "ಎಷ್ಟು ಗಂಟೆಗೆ ಕಳಿಸಲಿ?" ಅಂದರು.

2022ರ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಭುವನೇಶ್ವರದ ಕಳಿಂಗ ಸ್ಟೇಡಿಯಂನಲ್ಲಿ ಮೊದಲ ಮ್ಯಾಚು, ಎದುರಾಳಿ ಅಮೆರಿಕ. ಒಬ್ಬಳ ಮನೆಯ ಟಿವಿ ಮುಂದೆ ಎಲ್ಲರೂ ಸೇರಿದ್ದೆವು. ಜಾರ್ಖಂಡದ ಹಳ್ಳಿ ಹುಡುಗಿ ಅಸ್ತಂ ಒರಾಂವ್ ನಮ್ಮ ನಾಯಕಿ. 8–0ಯಿಂದ ಸೋತೆವು. ಆ ಮನೆಯ ಯಜಮಾನರು, "ಎಂಟು ಗೋಲು ತಿಂದ್ರಲ್ಲ, ಇದಕ್ಕಾ ನೀವು ಬೆಳಗ್ಗೆ ಎದ್ದು ಓಡೋದು?" ಅಂದರು.

"ಅಮೆರಿಕದವ್ರು ಬೆಳಗ್ಗೆ ಎದ್ದು ನೀರು ಹಿಡಿಯಲ್ಲ ಅಪ್ಪಾ," ಅಂದಳು ಮಗಳು. ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಅವಳೇ ನನ್ನ ಮಿಡ್‌ಫೀಲ್ಡರ್. ಮೈದಾನವನ್ನು ಅವಳಂತೆ ಓದುವವರನ್ನು ನಾನು ಕಂಡಿಲ್ಲ. ಈಗ ಬೆಳಗ್ಗೆ ತಾಯಿಯ ಜೊತೆ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಹೋಗುತ್ತಾಳೆ, ಅಲ್ಲಿಂದ ನೇರ ಕಾಲೇಜು. ಮನೆಗೆ ಎರಡು ಸಲ ಹೋಗಿ ಬಂದೆ. ತಾಯಿ ಕಾಫಿ ಕೊಟ್ಟರು, ಬಾಡಿಗೆ ಎಷ್ಟು ಅಂತ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ಮಾತ್ರ ಅವಳಿಗೆ ರಜೆ. ಹಾಗಾಗಿ ಈ ಸೀಸನ್ನಿನ ಫ್ರೆಂಡ್ಲಿ ಮ್ಯಾಚುಗಳನ್ನೆಲ್ಲ ಭಾನುವಾರಕ್ಕೇ ಕೇಳಿಕೊಳ್ಳುತ್ತಿದ್ದೇನೆ.